ಕಾವಲು ಮತ್ತು ಕರುಣೆ: 1948ರ ಬೀದರ್ ಕಲಿಸುವ ಪಾಠ

ಔರಾದ್ ತಾಲೂಕಿನ ಚಿಂತಾಕಿ ಇಂದು ಕರ್ನಾಟಕದ ಗಡಿಭಾಗದ ಒಂದು ಊರು. 1948ರಲ್ಲಿ ಇಲ್ಲಿ ಯಾವ ರಾಜ್ಯಗಡಿಯೂ ಇರಲಿಲ್ಲ. ಚಿಂತಾಕಿ, ಭಾಲ್ಕಿ, ಉದಗೀರ್, ನಿಲಂಗಾ, ಜಹೀರಾಬಾದ್ ಎಲ್ಲವೂ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲೇ ಇದ್ದವು.

ಆ ವರ್ಷ ಈ ನೆಲ ಎರಡು ಬಾರಿ ಗಾಯಗೊಂಡಿತು. ಮೇ ತಿಂಗಳಲ್ಲಿ ಬಸವಕಲ್ಯಾಣ ಬಳಿಯ ಗೋರಟಾದಲ್ಲಿ ರಜಾಕಾರರು ಹಿಂದೂಗಳ ಮಾರಣಹೋಮ ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಯುದ್ಧ ಐದೇ ದಿನಗಳಲ್ಲಿ ಮುಗಿಯಿತು, ಆದರೆ ಜನರ ಸಂಕಟ ಮುಗಿಯಲಿಲ್ಲ. ರಜಾಕಾರರ ಪಾಪಕ್ಕೆ ಅವರೊಡನೆ ಯಾವ ಸಂಬಂಧವೂ ಇಲ್ಲದ ಬಡ ಮುಸ್ಲಿಮರು ಬೆಲೆ ತೆರಬೇಕಾಯಿತು.

ಪ್ರಧಾನಿ ನೆಹರೂ ಅವರ ಅಪೇಕ್ಷೆಯಂತೆ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫ್ಫಾರ್ ಅವರಿದ್ದ ಸೌಹಾರ್ದ ನಿಯೋಗವೊಂದು ನವೆಂಬರ್-ಡಿಸೆಂಬರ್‌ನಲ್ಲಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿತು. ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್.

ಅಂದು ಬಂದದ್ದು ಶಾಂತಿಪಾಲನಾ ಪಡೆಯಲ್ಲ, ನಿಜ. ಆದರೆ ನಿಜಾಮರ ಆಡಳಿತ ಕುಸಿದ ಬಳಿಕ ಶಾಂತಿ ಕಾಯುವ ಹೊಣೆ ಅದರ ಹೆಗಲಿಗೇ ಬಿತ್ತು. ಹಲವೆಡೆ ಸಶಸ್ತ್ರ ಪಡೆಗಳ ಕೆಲವರು ಲೂಟಿಗೆ ಪ್ರೋತ್ಸಾಹ ಕೊಟ್ಟರೆಂದು ನಿಯೋಗ ದಾಖಲಿಸಿದೆ. ಕಾಯಬೇಕಾದವನೇ ಭಯ ಹುಟ್ಟಿಸಿದರೆ ವಿಧವೆಗೆ ಅಕ್ಕಿ ತಲುಪಿಸುವವರು ಯಾರು? ಅಪಹೃತ ಹೆಣ್ಣುಮಗಳನ್ನು ಹುಡುಕಿ ತರುವವರು ಯಾರು?

ಈ ಪ್ರಶ್ನೆಗೆ ಉತ್ತರವೂ ಅದೇ ವರದಿಯಲ್ಲಿದೆ. ಹಿಂದೂ ನೇಕಾರರು ತಮ್ಮ ವೃತ್ತಿಬಾಂಧವರಾದ ಮುಸ್ಲಿಮ್ ನೇಕಾರರನ್ನು ಗುಂಪುಗಳಿಂದ ರಕ್ಷಿಸಿದರು. ಅದಕ್ಕಾಗಿ ಕೆಲವರು ಪ್ರಾಣವನ್ನೇ ತೆತ್ತರು. ಅಪಹೃತ ಮಹಿಳೆಯರನ್ನು ಮರಳಿ ತರಲು ಅನೇಕ ಹಿಂದೂಗಳು ನೆರವಾದರು. ಪರಿಹಾರ ಸಂಸ್ಥೆ ಎಂಬ ಹೆಸರಾಗಲಿ, ಬಿಲ್ಲೆಯಾಗಲಿ ಇಲ್ಲದ ನೆರೆಹೊರೆಯವರೇ ಅಂದು ಕಾವಲುಗಾರರೂ ಆದರು, ಸೇವಕರೂ ಆದರು.

ಕಾವಲು ಮತ್ತು ಸೇವೆ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನವರೇ ಆದ ಜನರಲ್ ಕೆ.ಎಸ್. ತಿಮ್ಮಯ್ಯನವರ ಉದಾಹರಣೆ ಇದೆ. ಕೊಡಗಿನ ಈ ಸೇನಾನಿ 1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಸಾರಥ್ಯ ವಹಿಸಿದರು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಂತ ಆ ಪಡೆ, ದಿಗ್ಬಂಧನದಲ್ಲಿದ್ದ ತುರ್ಕಿ ಸಮುದಾಯಕ್ಕೆ ರೆಡ್ ಕ್ರೆಸೆಂಟ್‌ನ ಪರಿಹಾರ ಸಾಮಗ್ರಿ ತಲುಪಲು ನೆರವಾಯಿತು. ಸೈನಿಕ ದಾರಿ ತೆರೆದ. ಸೇವಾ ಸಂಸ್ಥೆ ಹಸಿದವನ ಬಳಿಗೆ ಹೋಯಿತು. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಅದೇ ದ್ವೀಪದಲ್ಲಿ ಕರ್ತವ್ಯದಲ್ಲಿದ್ದಾಗಲೇ ನಿಧನರಾದರು.

ಆದರೆ ಈ ಸಹಕಾರಕ್ಕೂ ಒಂದು ಮಿತಿ ಬೇಕು. ಅನ್ನ ಹಂಚುವವನು ಬಂದೂಕಿನವನ ಬೇಹುಗಾರನೆಂಬ ಶಂಕೆ ಮೂಡಿದರೆ ಸಂತ್ರಸ್ತ ಬಾಗಿಲು ತೆರೆಯುವುದಿಲ್ಲ. ಆದ್ದರಿಂದಲೇ 1991ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ 46/182ನೇ ನಿರ್ಣಯದಲ್ಲಿ ನೆರವಿಗೆ ಮಾನವೀಯತೆ, ತಟಸ್ಥತೆ ಮತ್ತು ನಿಷ್ಪಕ್ಷಪಾತ ಎಂಬ ಮೂರು ತತ್ವಗಳನ್ನು ಆಧಾರವಾಗಿಸಿತು. ರಕ್ಷಣೆ ಸೈನಿಕನ ಕೆಲಸ, ಹಂಚಿಕೆ ಸೇವಕನ ಕೆಲಸ. ಇಬ್ಬರೂ ಸಂತ್ರಸ್ತನ ಜಾತಿ-ಧರ್ಮ ಕೇಳಬಾರದು.

ಸುಂದರಲಾಲ್ ವರದಿಯನ್ನು ಸರಕಾರ ದೀರ್ಘಕಾಲ ಪ್ರಕಟಿಸಲಿಲ್ಲ. 2013ರಲ್ಲಿ ಎ.ಜಿ. ನೂರಾನಿಯವರ ಕೃತಿಯ ಮೂಲಕ ಅದು ಹೆಚ್ಚಿನ ಓದುಗರ ಕೈ ಸೇರಿತು. ಅಷ್ಟರಲ್ಲಿ ನೊಂದವರ ಒಂದು ತಲೆಮಾರೇ ಕಣ್ಮರೆಯಾಗಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋದಾಗ ಅವರ ನೋವಿನ ನೆನಪೂ ಮೂರು ಭಾಷೆಗಳಲ್ಲಿ ಚದುರಿತ್ತು.

ಗೋರಟಾದಲ್ಲಿ ಸತ್ತವರಿಗೂ ಸೆಪ್ಟೆಂಬರ್ ಬಳಿಕ ಸತ್ತವರಿಗೂ ಬೇರೆ ಬೇರೆ ತಕ್ಕಡಿ ಬೇಡ. ಒಂದು ಸಾವನ್ನು ನೆನೆದು ಇನ್ನೊಂದನ್ನು ಮರೆಸುವುದು ಇತಿಹಾಸವಲ್ಲ, ಲೆಕ್ಕ ತೀರಿಸುವಿಕೆ. ನಾವು ಮಕ್ಕಳಿಗೆ ಎರಡನ್ನೂ ಹೇಳೋಣ. ಜೊತೆಗೆ ನೆರೆಯವನಿಗಾಗಿ ಜೀವ ಕೊಟ್ಟ ಆ ನೇಕಾರರ ಕಥೆಯನ್ನೂ ಹೇಳೋಣ.