ದೇಹದ್ರವ ತಗುಲಿದ ಬಳಿಕದ ರಕ್ತಪರೀಕ್ಷೆ
ಕೆಲಸದ ವೇಳೆ ಬಳಸಿದ ಸೂಜಿ ಚುಚ್ಚಿದಾಗ, ಪರರ ರಕ್ತ ಕಣ್ಣಿಗೋ ಗಾಯಕ್ಕೋ ಸಿಡಿದಾಗ ದಾದಿ, ಪೊಲೀಸ್, ಪೌರಕಾರ್ಮಿಕರಿಗೆ ನಡೆಸುವ ತಪಾಸಣೆ. ಆ ರಕ್ತ ಯಾರದೋ ಅವರನ್ನೂ ಕಡ್ಡಾಯವಾಗಿ ಪರೀಕ್ಷಿಸುವ ಕಾನೂನು ಕೆನಡಾದ ಒಂಟಾರಿಯೊದಲ್ಲಿ 2006ರಲ್ಲಿ ಬಂತು. ಭಾರತದ ದಾರಿ ಬೇರೆ. ಇಲ್ಲಿ ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ, ಎಚ್‌ಐವಿ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು; 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ–ಏಡ್ಸ್ ಕಾಯ್ದೆ ಹೀಗೆನ್ನುತ್ತದೆ. ಅದರ 19ನೇ ಕಲಮು ಸೋಂಕುತಡೆ ಔಷಧ ಒದಗಿಸುವ ಹೊಣೆಯನ್ನು ಸಂಸ್ಥೆಗೇ ಹೊರಿಸಿದೆ. ವೈದ್ಯಕೀಯವಾಗಿಯೂ ಇದೇ ವಿವೇಕ: ವರದಿಗೆ ಕಾಯದೆ, ಸಾಧ್ಯವಾದರೆ 2 ಗಂಟೆಯೊಳಗೆ, ತಪ್ಪಿದರೆ 72 ಗಂಟೆಯೊಳಗೆ ಮಾತ್ರೆ ಆರಂಭಿಸಿ 28 ದಿನ ನುಂಗಬೇಕು. ಸೋಂಕಿತ ಸೂಜಿಯಿಂದ ಎಚ್‌ಐವಿ ತಗುಲುವುದು ಸಾವಿರಕ್ಕೆ ಸುಮಾರು 3 ಸಲ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೂ ಅಂಟಬಹುದು. ಜನ ಹೆದರುವುದು ಮಾತ್ರ ಮೊದಲನೆಯದಕ್ಕೆ.