ಮರೆವನ್ನು ಅಳೆಯುವ ಸ್ಪರ್ಶಪರದೆ

ವಯಸ್ಸಾದಂತೆ ಹೆಸರುಗಳು ಮರೆತುಹೋಗುವುದು ಸಹಜ. ನಿತ್ಯದ ವ್ಯವಹಾರವೇ ತಪ್ಪತೊಡಗಿದರೆ ಅದು ಡಿಮೆನ್ಷಿಯಾದ ಸೂಚನೆಯಾಗಿರಬಹುದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಇದಕ್ಕೆ ಒಳಗಾಗಿದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ‘ಸ್ಯಾನ್ಸ್‌ಕಾಗ್’ ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವುದು ಅದರ ಗುರಿ. ‘ಕಾಗ್ನಿಟೊ’ ಎಂಬ ಗಣಕೀಕೃತ ಪರೀಕ್ಷೆಯನ್ನು ಇದಕ್ಕಾಗಿ ಬಳಸಲಾಗಿದೆ.

ಕಾಗದದ ಪರೀಕ್ಷೆಯಲ್ಲಿ ವಾಕ್ಯ ಬರೆಯಲು, ಚಿತ್ರ ನಕಲು ಮಾಡಲು ಹೇಳಿದರೆ ಶಾಲೆಯನ್ನೇ ಕಾಣದ ಮಾವಿನ ಬೆಳೆಗಾರ ಕಡಿಮೆ ಅಂಕ ಗಳಿಸುತ್ತಾನೆ. ಅದು ಮಿದುಳಿನ ದೋಷವಲ್ಲ. ಪರದೆಯು ಉತ್ತರದೊಂದಿಗೆ ಅದಕ್ಕೆ ತಗುಲಿದ ಸಮಯವನ್ನೂ ಸೆಕೆಂಡಿನ ಸೂಕ್ಷ್ಮ ಭಾಗಗಳವರೆಗೆ ದಾಖಲಿಸಬಲ್ಲದು. ಆದರೆ ಇಲ್ಲೂ ಒಂದು ಅಪಾಯವುಂಟು. ಉಪಕರಣವೇ ಅಪರಿಚಿತವಾದಾಗ, ಕಣ್ಣಿಗೆ ಪೊರೆ ಬಂದಿದ್ದಾಗ, ದುಡಿದು ಒರಟಾದ ಬೆರಳನ್ನು ಗಾಜು ಗ್ರಹಿಸದಿದ್ದಾಗ ಆ ವಿಳಂಬವೂ ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದಕಾರಣ ಮೊದಲು ಅಭ್ಯಾಸ ಮಾಡಿಸಬೇಕು, ಪಕ್ಕದಲ್ಲಿ ಪರೀಕ್ಷಕರಿರಬೇಕು. ಒಂದು ಸಲದ ಅಂಕಕ್ಕಿಂತ ಅದೇ ವ್ಯಕ್ತಿಯ ಹಿಂದಿನ ಅಂಕದೊಡನೆ ಮಾಡುವ ಹೋಲಿಕೆಯೇ ಹೆಚ್ಚು ನಂಬಲರ್ಹ.

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂತಹ ಊರುಗಳಲ್ಲಿ ಮನೆಯವರು ಗಮನಿಸಿದ್ದೇ ವೈದ್ಯರಿಗೆ ಮೊದಲ ಸಾಕ್ಷ್ಯ. ಅಜ್ಜ ಸಂತೆಯಿಂದ ಬರುವಾಗ ದಾರಿ ತಪ್ಪಿದ್ದು ಯಾವಾಗ, ಹಣದ ಲೆಕ್ಕ ತಪ್ಪತೊಡಗಿದ್ದು ಎಂದಿನಿಂದ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳಿತು. ಥೈರಾಯ್ಡ್ ದೋಷ ಇಲ್ಲವೆ ಬಿ12 ಕೊರತೆಯಿಂದ ಬಂದ ಮರೆವಾದರೆ ಚಿಕಿತ್ಸೆಗೆ ಬಗ್ಗುವ ಸಾಧ್ಯತೆಯಿದೆ.