ಒಂಟಿ ರಾಣಿಗೆ ಎಂಥ ಮನೆ?

ಮುಂಗಾರಿನ ಮೊದಲ ಜೋರು ಮಳೆ ನಿಂತ ಸಂಜೆ ಜಗಲಿಯ ದೀಪಕ್ಕೆ ರೆಕ್ಕೆಯ ಇರುವೆಗಳು ಮುತ್ತುತ್ತವೆ. ಅವುಗಳ ನಡುವೆ ಒಂದು ಗೊದ್ದದ ರಾಣಿ ನೆಲಕ್ಕಿಳಿದು ಗೋಡೆಯ ಬುಡದಲ್ಲಿ ಸರಸರನೆ ಓಡಾಡುತ್ತಾಳೆ. ನಡುವೆ ತಟ್ಟನೆ ನಿಲ್ಲುತ್ತಾಳೆ. ಕಾಲನ್ನು ರೆಕ್ಕೆಯ ಬುಡಕ್ಕೆ ಒತ್ತಿ, ಮುಂದಕ್ಕೆ ಮುರಿದು, ಒಂದೊಂದಾಗಿ ಕಳಚಿ ಹಾಕುತ್ತಾಳೆ. ಇನ್ನು ಅವಳು ಹಾರುವುದಿಲ್ಲ. ಈಗ ಅವಳಿಗೆ ಬೇಕಾದುದು ಒಂದು ಪುಟ್ಟ ಗೂಡು. ಅಂಥ ರಾಣಿಯನ್ನು ಸಾಕಿ ನೋಡಬೇಕೆಂದವರು ಆ ಗೂಡು ಹೇಗಿರಬೇಕೆಂದು ಕಲಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಮೊದಲು ಮನೆ ಕಟ್ಟಿದ್ದು ನೋಡುವವರ ಅನುಕೂಲಕ್ಕೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರೆಯೊಮೂರ್ ಇರುವೆಗಳನ್ನು ಗಾಜಿನ ಭರಣಿಗಳಲ್ಲಿಟ್ಟು ನೋಡಿದರು. ಇರುವೆಗಳ ಕುರಿತ ಅವರ ಬರಹ ಹಸ್ತಪ್ರತಿಯಾಗಿಯೇ ಉಳಿದು, 1926ರಲ್ಲಿ ವಿಲಿಯಂ ಮಾರ್ಟನ್ ವೀಲರ್ ಅವರಿಂದ ಬೆಳಕು ಕಂಡಿತು. ಜಿನೀವಾದ ಪಿಯರ್ ಹೂಬರ್ 1810ರ ತಮ್ಮ ಗ್ರಂಥಕ್ಕಾಗಿ ಗಾಜು ಕೂರಿಸಿದ, ಬೇಕೆಂದಾಗ ಮುಚ್ಚಬಲ್ಲ ಗೂಡುಗಳನ್ನು ಮಾಡಿಕೊಂಡಿದ್ದರು. ರಾಣಿ ತನ್ನ ರೆಕ್ಕೆಯನ್ನು ತಾನೇ ಕಳಚಿಕೊಳ್ಳುವುದನ್ನು ಅವರು ಕಣ್ಣಾರೆ ಕಂಡರು. ಆದರೆ ಕೆಲಸಗಾರ ಇರುವೆಗಳ ನೆರವಿಲ್ಲದೆ ಒಬ್ಬಳೇ ಸಂಸಾರ ಹೂಡಬಲ್ಲಳೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಜಾನ್ ಲಬ್ಬಕ್ ಅವರ ಮನೆಯಲ್ಲಿ. 1876ರ ಆಗಸ್ಟ್‌ನಲ್ಲಿ ಅವರು ಮಿರ್ಮಿಕಾ ಜಾತಿಯ ಹೆಣ್ಣು–ಗಂಡಿನ ಎರಡು ಜೋಡಿಗಳನ್ನು ಬೇರೆಯಾಗಿಟ್ಟರು. ಮರುವರ್ಷ ಆ ಹೆಣ್ಣುಗಳು ಮೊಟ್ಟೆಯಿಟ್ಟು ಮರಿಗಳನ್ನು ದೊಡ್ಡವು ಮಾಡಿದವು. ಲಬ್ಬಕ್ ಅವರ ಗೂಡೆಂದರೆ ಎರಡು ಗಾಜಿನ ಹಲಗೆ, ನಡುವೆ ತೆಳ್ಳನೆಯ ಮಣ್ಣಿನ ಪದರ, ಇರುವೆಗಳು ತಪ್ಪಿಸಿಕೊಳ್ಳದಂತೆ ಸುತ್ತ ನೀರಿನ ಕಂದಕ. ಅವರ ಬಳಿಯ ಒಬ್ಬ ರಾಣಿ ಸುಮಾರು ಹದಿನೈದು ವರ್ಷ ಬದುಕಿ 1888ರಲ್ಲಿ ತೀರಿಕೊಂಡಳು. ನನಗೆ ಇದಕ್ಕಿಂತ ದೊಡ್ಡದೆನಿಸುವುದು ಅವರ ಇನ್ನೊಂದು ಪ್ರಯೋಗ. ಗೂಡಿನ ಮೇಲೆ ಬಣ್ಣಬಣ್ಣದ ಗಾಜು ಹರಡಿದಾಗ ಇರುವೆಗಳು ನೇರಳೆಯನ್ನು ಬಿಟ್ಟೋಡಿ ಕೆಂಪಿನ ಅಡಿ ಗುಂಪುಗೂಡಿದವು. ನಮಗೆ ಕೆಂಪಾಗಿ ಕಾಣುವುದು ಅವುಗಳಿಗೆ ಹೆಚ್ಚುಕಡಿಮೆ ಕತ್ತಲೆ. ಇವತ್ತು ಇರುವೆ ಸಾಕುವವರು ಗೂಡಿಗೆ ಕೆಂಪು ಹಾಳೆ ಸುತ್ತುವುದರ ಹಿಂದೆ ಇರುವುದು ಆ ತಿಳಿವಳಿಕೆಯೇ.

ಕತ್ತಲೆಯ ಮಾತು ಹೀಗೆ ಬಗೆಹರಿದರೆ, ತೇವದ ಮಾತನ್ನು ಬಗೆಹರಿಸಿದವರು ಫ್ರೆಂಚ್ ಎಂಜಿನಿಯರ್ ಶಾರ್ಲ್ ಜಾನೆ. ಪ್ಲಾಸ್ಟರಿನ ಅಚ್ಚಿನಲ್ಲಿ ಸಾಲಾಗಿ ಕೋಣೆಗಳು, ಒಂದು ತುದಿಯಲ್ಲಿ ನೀರಿನ ಗುಣಿ. ನೀರು ಪ್ಲಾಸ್ಟರಿನೊಳಗೆ ಹೀರಿ ಹರಡುವಾಗ ಒಂದು ಕೋಣೆ ಒದ್ದೆ, ಪಕ್ಕದ್ದು ಹಸಿ, ಕೊನೆಯದು ಒಣ. ಯಾವುದು ಬೇಕೋ ಅದಕ್ಕೆ ಇರುವೆಗಳು ಮರಿಗಳನ್ನು ಹೊತ್ತು ಸಾಗುತ್ತವೆ. ಈ ಕ್ಷೇತ್ರದ ದಿಕ್ಕು ಬದಲಿಸಿದ್ದು ಇದೇ ಎಂದು ನಾನು ನಂಬುತ್ತೇನೆ: ಮನುಷ್ಯ ಕಟ್ಟಿದ ಮನೆಯೊಳಗೆ ಆಯ್ಕೆಯನ್ನು ಮೊದಲ ಬಾರಿಗೆ ಇರುವೆಗೇ ಬಿಟ್ಟುಕೊಟ್ಟವರು ಜಾನೆ. ಅಮೆರಿಕದ ಅಡೆಲ್ ಫೀಲ್ಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಾಜು ಮತ್ತು ಸ್ಪಂಜಿನಿಂದ, ಕೈಯಲ್ಲಿ ಹೊತ್ತೊಯ್ಯಬಹುದಾದ ಗೂಡುಗಳನ್ನು ರೂಪಿಸಿದರು.

1907ರಲ್ಲಿ ಜಾನೆ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ರೆಕ್ಕೆ ಕಳಚಿದ ಮೇಲೆ ರಾಣಿಯ ಎದೆಯೊಳಗಿನ ಹಾರುವ ಸ್ನಾಯುಗಳು ಕರಗಿಹೋಗುತ್ತವೆ. ಆ ಸಾರ ಮತ್ತು ಮೈಯೊಳಗಿನ ಕೊಬ್ಬೇ ಅವಳ ಬುತ್ತಿ. ಹೊರಗೆ ಹೋಗದೆ, ಒಂದು ತುತ್ತೂ ತಿನ್ನದೆ, ಅದರಿಂದಲೇ ಚೊಚ್ಚಲ ಮರಿಗಳಿಗೆ ಉಣಿಸುತ್ತಾಳೆ. ಬುತ್ತಿ ಮುಗಿಯುವುದರೊಳಗೆ ಮರಿಗಳು ಕೈಗೆ ಬರಬೇಕು. ದೊಡ್ಡ ಗೂಡಿನಲ್ಲಿ ಮೂಲೆ ಹುಡುಕುತ್ತ ಅಲೆದರೆ, ಅಲುಗಾಟಕ್ಕೆ ಬೆದರಿ ತಾನಿಟ್ಟ ಮೊಟ್ಟೆಯನ್ನು ತಾನೇ ತಿಂದರೆ, ಆ ಲೆಕ್ಕ ತಪ್ಪುತ್ತದೆ.

1956ರಲ್ಲಿ ಅಮೆರಿಕದ ಮಿಲ್ಟನ್ ಲೆವಿನ್ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ‘ಆಂಟ್ ಫಾರ್ಮ್’ ಮನೆಮನೆಗೆ ಇರುವೆಗಳನ್ನು ತಲುಪಿಸಿತು; ಆದರೆ ಅದರೊಳಗೆ ರಾಣಿ ಇರಲಿಲ್ಲ. ಕೆಲವು ತಿಂಗಳಿಗೆ ಸಂತತಿಯೇ ಇಲ್ಲದೆ ಖಾಲಿಯಾಗುವ ಊರದು. ಮಕ್ಕಳಿಗೆ ಕುತೂಹಲ ಹುಟ್ಟಿಸಿತು, ನಿಜ. ರಾಣಿಯ ಮನೆಯ ಬಗ್ಗೆ ಹೊಸತೇನನ್ನೂ ಕಲಿಸಲಿಲ್ಲ.

ಪ್ರಯೋಗಾಲಯಗಳಲ್ಲಿ ನೆಲೆಯೂರಿದ್ದು ತೀರಾ ಸರಳವಾದ ವಸ್ತು: ಟೆಸ್ಟ್ ಟ್ಯೂಬ್. ಹೋಲ್ಡೋಬ್ಲರ್ ಮತ್ತು ವಿಲ್ಸನ್ 1990ರ ತಮ್ಮ ಮಹಾಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದ್ದಾರೆ. ಕೊಳವೆಯ ತಳದ ಮೂರನೇ ಒಂದು ಪಾಲಿನಷ್ಟು ನೀರು, ಅದನ್ನು ತಡೆಯುವ ಹತ್ತಿಯ ಬಿರಡೆ, ನಡುವೆ ನಾಲ್ಕೈದು ಬೆರಳಗಲದ ಜಾಗ, ಬಾಯಿಗೆ ಇನ್ನೊಂದು ಹತ್ತಿ. ಬಿರಡೆ ಸಡಿಲವಾದರೆ ನೀರು ನುಗ್ಗಿ ರಾಣಿ ಮುಳುಗುತ್ತಾಳೆ. ಬಿಗಿಯಾಗಿದ್ದರೆ ಹತ್ತಿ ಸದಾ ಹಸಿಯಾಗಿರುತ್ತದೆ. ಈಚೆಗೆ ಗಾಳಿಗುಳ್ಳೆಯ ಹಗುರ ಕಾಂಕ್ರೀಟ್ ಕೊರೆದ ಗೂಡು, ಅಕ್ರಿಲಿಕ್ ಗೂಡು, ತ್ರೀಡಿ ಮುದ್ರಣದ ಗೂಡುಗಳೆಲ್ಲ ಬಂದಿವೆ. ಬೆಳೆದ ಸಂಸಾರಕ್ಕೆ ಅವು ಸರಿ. ಒಂಟಿ ರಾಣಿಗೆ ಅವುಗಳಲ್ಲಿ ಯಾವುದನ್ನೂ ನಾನು ಕೊಡೆ.

ಎಲ್ಲ ರಾಣಿಯರೂ ಬಾಗಿಲು ಮುಚ್ಚಿ ಉಪವಾಸ ಕೂರುವವರಲ್ಲ. ನಮ್ಮ ಕರ್ನಾಟಕದಲ್ಲೂ ಇರುವ ಜಿಗಿಯುವ ಇರುವೆ ಹಾರ್ಪೆಗ್ನಾತಸ್ ಸಾಲ್ಟೇಟರ್‌ನ ರಾಣಿ ತಾನೇ ಹೊರಬಿದ್ದು ಬೇಟೆಯಾಡುತ್ತಾಳೆ. ಅವಳನ್ನು ಕೊಳವೆಯಲ್ಲಿ ಮುಚ್ಚಿಟ್ಟರೆ ಹಸಿವಿನಿಂದ ಸಾಯುತ್ತಾಳೆ. ಕೊಳವೆಯ ಬಾಯಿಗೆ ಓಡಾಡಲು ಒಂದು ಡಬ್ಬಿ, ಅದರಲ್ಲಿ ಜೀವಂತ ಹುಳು ಇರಲೇಬೇಕು. ಈ ಜಾತಿಯ ನೆಲದೊಳಗಿನ ಮನೆಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಷ್ತಾಕ್ ಅಲಿ ಅವರು ಪೀಟರ್ಸ್, ಹೋಲ್ಡೋಬ್ಲರ್, ಮೊಫೆಟ್ ಅವರ ಜೊತೆಗೂಡಿ 1994ರಲ್ಲಿ ವಿವರಿಸಿದರು. ಮಳೆನೀರು ನುಗ್ಗದಂತೆ ಕಟ್ಟಿದ ಕೋಣೆ, ಅದರ ಒಳಗೋಡೆಗೆ ಮರಿಗಳು ಬಿಟ್ಟುಹೋದ ಕೋಶಗಳ ಚೂರನ್ನು ಹಾಸಿ ಅಂಟಿಸಿದ ಹೊದಿಕೆ. ಪ್ಲಾಸ್ಟರಿನಲ್ಲಿ ನಾವು ಇಷ್ಟೆಲ್ಲ ಹೆಣಗಿ ಮಾಡುವುದನ್ನು ಅದು ಮಣ್ಣಿನಲ್ಲಿ ಮಾಡಿಕೊಂಡಿರುತ್ತದೆ.

ಜಗಲಿಯಲ್ಲಿ ಸಿಕ್ಕ ಮೊದಲ ಗೊದ್ದದ ರಾಣಿಯನ್ನು ನಾನು ಕಳೆದುಕೊಂಡೆ. ದಿನವೂ ಕೊಳವೆಯನ್ನು ಎತ್ತಿ ದೀಪಕ್ಕೆ ಹಿಡಿಯುತ್ತಿದ್ದೆ; ಎರಡು ಸಲ ಮೊಟ್ಟೆ ಕಂಡಿತು, ಎರಡು ಸಲವೂ ಮಾಯವಾಯಿತು. ಮರುವರ್ಷದವಳನ್ನು ಕೆಂಪು ಹಾಳೆ ಸುತ್ತಿ ಬೀರುವಿನ ಕೆಳಖಾನೆಯಲ್ಲಿಟ್ಟೆ, ವಾರಕ್ಕೊಮ್ಮೆ ಮಾತ್ರ ನೋಡಿದೆ. ಎರಡು ತಿಂಗಳಾಗುವಷ್ಟರಲ್ಲಿ ತಾಯಿಯ ಅರ್ಧದಷ್ಟೂ ಇಲ್ಲದ ನಾಲ್ಕು ಕೆಲಸಗಾರ ಇರುವೆಗಳು ಅವಳ ಸುತ್ತ ನಿಂತಿದ್ದವು. ಹತ್ತಿ ಹಳದಿಗಟ್ಟಿದಾಗ ಹೊಸ ಕೊಳವೆಯೊಂದನ್ನು ಬಾಯಿಗೆ ಬಾಯಿ ಸೇರಿಸಿ, ಅದಕ್ಕೆ ಹಾಳೆ ಸುತ್ತಿ, ಹಳೆಯದನ್ನು ಬೆಳಕಿಗೆ ಬಿಟ್ಟು ಕಾದೆ. ಹತ್ತು ದಿನ ಅವು ಕದಲಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ನೋಡಿದರೆ ಮೊಟ್ಟೆಗಳು ಹೊಸ ಹತ್ತಿಯ ಪಕ್ಕದಲ್ಲಿದ್ದವು. ರಾಣಿ ಇನ್ನೂ ಎರಡು ಕೊಳವೆ ಸೇರುವ ಕಡೆ ನಿಂತು ಮೀಸೆಯಾಡಿಸುತ್ತಿದ್ದಳು.